ಎಲ್ಲಾ ನಮೂನಿ ಫಿಟ್ಸ್

ಟ್ರಯಲ್ ರೂಮಿನ ಪರದೆ ಸರಿಸಿ ಹೊರಬಂದ ಗಿರಾಕಿ ಕನ್ನಡಿಯ ಮುಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದ. ಸೊಂಟದ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ, "ಫಿಟ್ ಬಂತಾ?" ಎಂದು ಕೇಳಿದ. ಸೇಡಮ್ ಕಡೆಯವನು, ಈ ಅಂಗಡಿಯಲ್ಲಿ ಕನ್ನಡ ಮಾತಾಡುವವನೊಬ್ಬ ಇದ್ದಾನೆಂದು ಯಾರೋ ಹೇಳಿ ಕಳಿಸಿದ್ದರಂತೆ. ಅಬಿಡ್ಸ್‌ನ ಈ ಬಟ್ಟೆ ಅಂಗಡಿಯ ಪ್ಯಾಂಟಿನ ಕೌಂಟರಿನಲ್ಲಿ ನಿಂತು ಶಾಂತಕುಮಾರ ಈ ಪ್ರಶ್ನೆಗೆ ಹಿಂದಿಯಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಎಷ್ಟು ಸಲ ಉತ್ತರ ಕೊಟ್ಟಿದ್ದನೋ ಲೆಕ್ಕವಿಲ್ಲ. 'ಏಕ್‌ದಮ್ ಫಿಟ್ ಬಂದೈತ್ರಿ' ಅನ್ನುವುದು ಅವನು ಯೋಚಿಸದೆ ಆಡುವ ಮಾತು. ಅದನ್ನು ಆಡುತ್ತಲೇ ಅವನ ಕೈ ಮುಂದಿನ ಪ್ಯಾಂಟು ಮಡಚುತ್ತಿರುತ್ತಿತ್ತು. ಇವತ್ತು ಆ ಮಾತು ಬರಲಿಲ್ಲ. ಭಾನುವಾರ ಇದೇ ರಸ್ತೆಯಲ್ಲಿ, ಮುಚ್ಚಿದ ಅಂಗಡಿಗಳ ಮುಂದೆ ಹಳೆಯ ಪುಸ್ತಕ ಹರವಿಕೊಂಡು ಕೂರುತ್ತಾರಲ್ಲ ಅಲ್ಲಿ, ಗುಂಪಿನಲ್ಲಿದ್ದ ಒಬ್ಬ ಇನ್ನೊಬ್ಬನಿಗೆ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. 'ಫಿಟ್ಸ್ ಬಂದಾವ.' ಅವನೂ ಊರ ಕಡೆಯವನೇ ಇರಬೇಕು, ಸಿಮೆಂಟು ಮೆತ್ತಿದ ಕಾಲಿನ ಕೂಲಿಯವನು. ನೆಲದ ಮೇಲೆ ಬಿದ್ದಿದ್ದವಳು ಹರ್ಷದಾ. ಶಾಂತಕುಮಾರನ ಹೆಂಡತಿ. ಮದುವೆಯಾಗಿ ಇನ್ನೂ ಮೂರು ತಿಂಗಳು.

"ಏನ್ರಿ, ಸುಮ್ನ ನಿಂತ್ರಿ? ಬಂದಿಲ್ಲಂದ್ರ ಹೇಳ್ರಿ" ಎಂದ ಗಿರಾಕಿ.

"ಬಂದೈತ್ರಿ" ಎಂದ ಶಾಂತಕುಮಾರ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

ಹುಮನಾಬಾದಿನ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರು ಫಿಟ್ ಅಂದರೆ ಯೋಗ್ಯ ಎಂದು ಬೋರ್ಡಿನ ಮೇಲೆ ಬರೆದಿದ್ದರು. ಅದಾದ ಮೇಲೆ ಅವನಿಗೆ ಆ ಪದ ಸಿಕ್ಕಿದ್ದು ಕಲಬುರಗಿಯ ಪೊಲೀಸ್ ಮೈದಾನದಲ್ಲಿ, ಭರ್ತಿಗೆ ಹೋದಾಗ. ಬರಿಮೈಯಲ್ಲಿ ಸಾಲಾಗಿ ನಿಲ್ಲಿಸಿ, ಉಸಿರು ಎಳೆಸಿ ಎದೆ ಅಳೆದವನು ತಲೆ ಎತ್ತದೆ 'ಅನ್‌ಫಿಟ್' ಅಂದಿದ್ದ. ಅಂಗಿ ಹಾಕಿಕೊಳ್ಳುವಾಗ ಗುಂಡಿ ತಪ್ಪಿ ತಪ್ಪಿ ಹಾಕಿಕೊಂಡದ್ದು ನೆನಪಿದೆ. ಆಮೇಲೆ ಅಂಬಾದಾಸ ಶೇಟ್‌ರ ಈ ಅಂಗಡಿ. ಸ್ಲಿಮ್ ಫಿಟ್, ರೆಗ್ಯುಲರ್ ಫಿಟ್, ಕಂಫರ್ಟ್ ಫಿಟ್. ಇಲ್ಲಿ ಅನ್‌ಫಿಟ್ ಎಂಬುದೇ ಇರಲಿಲ್ಲ. ಹೊಟ್ಟೆ ಬಂದವರಿಗೆ, ಕಾಲು ಸೊಟ್ಟ ಇದ್ದವರಿಗೆ, ಒಂದು ಟೊಂಕ ಇನ್ನೊಂದಕ್ಕಿಂತ ಎತ್ತರ ಇದ್ದವರಿಗೆ, ಯಾರು ಬಂದರೂ ಅವರಿಗೊಂದು ಫಿಟ್ ಇತ್ತು, ಇರದಿದ್ದರೆ ಹಿಂದಿನ ಕೋಣೆಯಲ್ಲಿ ಬಿಚ್ಚಿ ಹೊಲಿದು ಕೊಡುತ್ತಿದ್ದರು. ಆ ಮಾತಿನ ಒಳಗೆ ಅವನು ಮನೆಯಂಥದೊಂದನ್ನು ಮಾಡಿಕೊಂಡು ಇಷ್ಟು ವರ್ಷ ಬದುಕಿದ್ದ. ಭಾನುವಾರದಿಂದ ಅದರ ಒಳಗೆ ಬೇರೆ ಯಾರೋ ಬಂದು ಕೂತಿದ್ದರು.

ಪುಸ್ತಕ ಕೊಳ್ಳೋಣ ಅಂದವಳು ಹರ್ಷದಾ. ಭಾಲ್ಕಿಯಲ್ಲಿ ಬಿ.ಕಾಂ. ಮುಗಿಸಿದ್ದವಳು ಬ್ಯಾಂಕಿನ ಪರೀಕ್ಷೆಗೆ ಓದುತ್ತೇನೆ ಅನ್ನುತ್ತಿದ್ದಳು. ಆಕೆ ಕುಕ್ಕುರುಗಾಲಲ್ಲಿ ಕೂತು ಪುಸ್ತಕದ ಗುಡ್ಡೆ ಕೆದಕುತ್ತಿದ್ದಾಗ ಶಾಂತಕುಮಾರ ಪಕ್ಕದಲ್ಲಿ ಬೆಲ್ಟು ಮಾರುವವನ ಹತ್ತಿರ ನಿಂತಿದ್ದ. ತಿರುಗಿ ನೋಡಿದಾಗ ಆಕೆ ಎದ್ದು ನಿಂತಿದ್ದಳು. ಯಾರೋ ಕರೆದಂತೆ ಮುಖ ಎಡ ಭುಜದ ಕಡೆ ತಿರುಗುತ್ತ ಹೋಯಿತು, ಇನ್ನು ತಿರುಗಲಾರದು ಅನ್ನುವಷ್ಟು ತಿರುಗಿತು. ಎಡಗೈ ತಾನಾಗಿ ಮೇಲೆದ್ದಿತು. ಆಮೇಲೆ ಅವಳು ಬಿದ್ದಳು. ಜನ ಅವನಿಗಿಂತ ಮುಂಚೆ ಓಡಿದರು. ಅವನೂ ಓಡಿದ, ಆದರೆ ಗುಂಪಿನ ಅಂಚು ಮುಟ್ಟಿದ್ದೇ ಕಾಲು ನಿಂತುಬಿಟ್ಟಿತು. ಎರಡು ಹೆಗಲುಗಳ ನಡುವಿನಿಂದ ನೋಡಿದ. ಆಕೆಯ ಕಣ್ಣು ತೆರೆದಿದ್ದವು, ಆದರೆ ಒಳಗೆ ಯಾರೂ ಇರಲಿಲ್ಲ. ಬಾಯಿಂದ ನೊರೆ. ಸೀರೆ ಮೊಣಕಾಲಿಗೆ ಸರಿದಿತ್ತು. ಪೇರಲ ಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ತನ್ನ ಬುಟ್ಟಿಗೆ ಹೊದಿಸಿದ್ದ ಬಟ್ಟೆ ತೆಗೆದು ಅವಳ ಕಾಲ ಮೇಲೆ ಎಳೆದಳು. "ಈಕೆಯ ಜೊತೆ ಯಾರಿದ್ದಾರೆ?" ಎಂದು ಆ ಮುದುಕಿ ತೆಲುಗಿನಲ್ಲಿ ಕೂಗಿದಳು. ಅಷ್ಟರಲ್ಲಿ ಅವನ ಹೆಗಲ ಮೇಲೆ ಕೈ ಬಿತ್ತು. ಅಂಗಡಿಗೆ ಪ್ರತಿ ವರ್ಷ ಬರುವ ಗಿರಾಕಿ, ಕಾಲೇಜಿನಲ್ಲಿ ಪಾಠ ಮಾಡುವವರು. "ಕೌನ್ ಹೈ, ಶಾಂತಕುಮಾರ್? ಪೆಹಚಾನ್ ಕೀ ಹೈ ಕ್ಯಾ?" ಗುರುತಿನವಳೇನು ಎಂದು ಕೇಳಿದರು. ಶಾಂತಕುಮಾರ ಅವರ ಇಸ್ತ್ರಿ ಮಾಡಿದ ಪ್ಯಾಂಟನ್ನು ನೋಡಿದ. ತಾನೇ ಕೊಟ್ಟದ್ದು. "ನೈ ಸಾಬ್" ಎಂದ. "ಯಾರೋ."

ಅವರು ನಾಲಿಗೆ ಲೊಚಗುಟ್ಟಿ ಹೋದರು. ಅವರು ರಸ್ತೆಯ ತಿರುವು ದಾಟುವ ತನಕ ಅವನು ನಿಂತೇ ಇದ್ದ. ದಾಟಿದ ಮೇಲೆ ಗುಂಪನ್ನು ತಳ್ಳಿಕೊಂಡು ಒಳಗೆ ಹೋಗಿ, "ನಮ್ಮಾಕಿ, ನಮ್ಮಾಕಿ" ಎಂದ. ಆ ಮುದುಕಿ ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

ಆಟೋದಲ್ಲಿ ಹರ್ಷದಾ ಅವನ ತೋಳಿಗೆ ತಲೆ ಒರಗಿಸಿ, "ನನ್ ಒಂದ್ ಚಪ್ಪಲಿ ಇಲ್ಲ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಗುಳಿಗಿ ಎರಡ್ ದಿನ ತಪ್ಪಿದ್ವು ನೋಡ್ರಿ. ಖಾಲಿ ಆಗಿದ್ವು, ನಿಮಗ ಹೇಳೂದು ಮರತೆ" ಅಂದಳು. ಅಷ್ಟೇ. ಅಳಲಿಲ್ಲ, ಕೈ ಮುಗಿಯಲಿಲ್ಲ, ಮುಚ್ಚಿಟ್ಟೆ ಅನ್ನಲಿಲ್ಲ. ಮನೆಯಲ್ಲಿ ಅಕ್ಕಿ ಖಾಲಿಯಾಗಿತ್ತು ಅನ್ನುವ ಹಾಗೆ ಅಂದಳು. ರಾತ್ರಿ ಊಟವಾದ ಮೇಲೆ ಆಕೆ ಗುಳಿಗೆ ನುಂಗುವುದನ್ನು ಅವನು ಮದುವೆಯಾದ ವಾರದಿಂದ ನೋಡಿದ್ದ. ಮಕ್ಕಳಾಗದಿರಲೆಂದು ನುಂಗುತ್ತಾಳೆ ಎಂದು ತಾನೇ ಅಂದುಕೊಂಡು, ಕೇಳಲು ನಾಚಿ, ಒಳಗೊಳಗೇ ನೊಂದಿದ್ದ. ಈಗ ತಿಳಿಯಿತು. ತಿಳಿದದ್ದು ಒಂದಾದರೆ, ಆಕೆಯ ಆ ನಿರಾಳ ಇನ್ನೊಂದು. ಇಷ್ಟು ದೊಡ್ಡ ಸಂಗತಿ ಮುಚ್ಚಿಟ್ಟು ಮದುವೆಯಾದವಳಿಗೆ ಇಷ್ಟು ನಿರಾಳ ಎಲ್ಲಿಂದ ಬಂತು? ಆಕೆ ಮಲಗಿದ ಮೇಲೆ ಮಹಡಿಗೆ ಹೋಗಿ ಬೇಗಂಪೇಟೆಯ ಅಕ್ಕನಿಗೆ ಫೋನು ಮಾಡಿದ. ಈ ಸಂಬಂಧ ಹುಡುಕಿದವಳು ಅಕ್ಕ ಪಾರ್ವತೆಮ್ಮನೇ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಅಕ್ಕ ಪೂರ್ತಿ ಕೇಳಿ, "ಮಿರ್ಗಿ! ಮೂರ್ಛೆ ರೋಗ!" ಅಂದಳು. "ನಮಗ ಫಿಟ್ಟಿಂಗ್ ಇಟ್ಟಾರ ತಮ್ಮಾ. ಅಪ್ಪ ಮಗಳು ಕೂಡಿ ಫಿಟ್ಟಿಂಗ್ ಇಟ್ಟಾರ." ಅಳುವಿನ ನಡುವೆಯೂ ಅವನಿಗೆ ಈ ಮಾತು ಇಲ್ಲಿಗೂ ಬಂತಲ್ಲ ಅನಿಸಿತ್ತು.

ಬುಧವಾರ ಹರ್ಷದಾಳ ಅಪ್ಪ ಶಿವಶರಣಪ್ಪನನ್ನು ಭಾಲ್ಕಿಯಿಂದ ಕರೆಸಿ, ಎದುರಿಗೇ ಕೇಳಿ, ಮಗಳನ್ನು ಅವನ ಜೊತೆ ಕಳಿಸಿಬಿಡುವುದು ಅಕ್ಕನ ತೀರ್ಮಾನ. ಅದೇ ಸಂಜೆ ತಾರ್ನಾಕದ ನರರೋಗದ ಡಾಕ್ಟರ ಹತ್ತಿರ ಹೋಗಬೇಕೆಂದು ಹರ್ಷದಾ ಮೊದಲೇ ನಂಬರು ಹಚ್ಚಿಸಿದ್ದಳು. ಎರಡಕ್ಕೂ ಅವನು ಹೂಂ ಅಂದಿದ್ದ.

ಇವತ್ತೇ ಆ ಬುಧವಾರ. ಮಧ್ಯಾಹ್ನ ರಜೆ ಕೇಳಲು ಹೋದಾಗ ಅಂಬಾದಾಸ ಶೇಟ್ ಕನ್ನಡಕ ಹಣೆಗೇರಿಸಿ, "ಯಾಕ?" ಅಂದರು. ಹೆಂಡತಿಗೆ ಆರಾಮಿಲ್ಲ ಅಂದ. ಅವರ ಮುಖ ಅರಳಿತು. "ದವಾಖಾನಿಗಾ? ಮೂರು ತಿಂಗಳಾತಲ್ಲ! ಹೋಗು, ಹೋಗು. ನಾಳಿ ಪೇಢಾ ತಗೊಂಡೇ ಒಳಗ ಬಾ." ಕ್ಯಾಶ್ ಕೌಂಟರಿನ ಹುಡುಗಿಯರು ನಕ್ಕರು. ಅವನೂ ನಕ್ಕ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿ ಕೂತ ಮೇಲೂ ಆ ನಗು ಮುಖದಿಂದ ಇಳಿದಿರಲಿಲ್ಲ, ಕೆನ್ನೆ ನೋಯುತ್ತಿತ್ತು. ಒಬ್ಬೊಬ್ಬರ ಮುಂದೆ ಒಂದೊಂದು ಸುಳ್ಳು. ಲೆಕ್ಚರರ ಮುಂದೆ ಹೆಂಡತಿಯೇ ಇಲ್ಲ, ಶೇಟ್‌ರ ಮುಂದೆ ಬಸುರಾದ ಹೆಂಡತಿ. ಅಕ್ಕ ಹೇಳಿದ್ದು ನ್ಯಾಯವೇ, ಅವರು ಮೋಸ ಮಾಡಿದ್ದು ಖರೆ. ಆದರೆ ಆ ನ್ಯಾಯವನ್ನು ಹಿಡಿದುಕೊಂಡು ನಿಲ್ಲಲು ಹೋದಾಗಲೆಲ್ಲ ಪೇರಲ ಮಾರುವ ಮುದುಕಿ ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದಳು. ಕಳಿಸಿಬಿಟ್ಟರೆ ಅವತ್ತು ಗುಂಪಿನಲ್ಲಿ ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ. ಕಳಿಸಲು ಮನಸ್ಸು ಮಾಡುತ್ತಿರುವುದು ಫಿಟ್ಸ್ ಸಲುವಾಗಿಯೋ, ಇದರ ಸಲುವಾಗಿಯೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಬರುವ ಮುಂಚೆ ತಾರ್ನಾಕ ಬಂತು.

ಮನೆ ಅಂದರೆ ಓಣಿಯ ಕೊನೆಯಲ್ಲಿ ಎರಡು ಕೋಣೆ. ಶಿವಶರಣಪ್ಪ ಹೊರಗೆ ಮೆಟ್ಟಿಲ ಮೇಲೆ, ಚೀಲ ಕಾಲ ನಡುವೆ ಇಟ್ಟುಕೊಂಡು ಕೂತಿದ್ದರು. ಒಳಗೆ ಬರಲು ಧೈರ್ಯವಾಗಿಲ್ಲ. ಅವನನ್ನು ಕಂಡು ಟೋಪಿ ತೆಗೆದು ಎದ್ದು ನಿಂತರು. "ಆರಾಮೇನ್ರಿ ಅಳಿಯಂದ್ರ" ಅಂದರು. ವಯಸ್ಸಾದ ಮನುಷ್ಯ ತನ್ನ ಮುಂದೆ ಟೋಪಿ ತೆಗೆದದ್ದನ್ನು ನೋಡಲಾರದೆ ಶಾಂತಕುಮಾರ ಅವರ ಚೀಲ ಎತ್ತಿಕೊಂಡು, "ಒಳಗ ಬರ್ರಿ ಮಾಮಾ" ಎಂದ. ಒಳಗೆ ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಹರ್ಷದಾ ಎಲ್ಲರಿಗೂ ಚಹಾ ತಂದಿಟ್ಟಳು. ಅವಳ ತುಟಿಯ ಒಂದು ಬದಿ, ಅವತ್ತು ಕಚ್ಚಿಕೊಂಡದ್ದು, ಇನ್ನೂ ಊದಿತ್ತು. ಯಾರೂ ಲೋಟ ಎತ್ತಲಿಲ್ಲ.

"ಹೇಳ್ರಿ ಈಗ" ಎಂದಳು ಪಾರ್ವತೆಮ್ಮ. "ಎಷ್ಟ್ ವರ್ಷದಿಂದ ಐತಿ?"

"ಸಣ್ಣಾಕಿ ಇದ್ದಾಗಿಂದ್ರಿ" ಎಂದರು ಶಿವಶರಣಪ್ಪ ನೆಲ ನೋಡುತ್ತ. "ನಡುವ ಭಾಳ ದಿನ ಬಂದಿದ್ದಿಲ್ರಿ. ಕಡಿಮಿ ಆಗೇತಿ ಅಂತ..."

"ಕಡಿಮಿ ಆಗೇತಿ ಅಂತ ಮುಚ್ಚಿಟ್ರಿ."

"ತಪ್ಪಾತ್ರಿ ತಾಯಿ. ಹೆಣ್ಣ ಹೆತ್ತಾಂವ ಅದೀನಿ. ನಾನ ಆಕಿಗೆ ಆಣಿ ಹಾಕಿದ್ದೆ, ಬಾಯಿ ಬಿಡಬ್ಯಾಡಂತ."

ಹರ್ಷದಾ ಅಡುಗೆ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. "ಆಣಿ ಹಾಕಿದ್ರಿ ಅಪ್ಪಾ. ಆದ್ರ ನಾ ಹೇಳೀನಿ" ಎಂದಳು.

"ಯಾರಿಗೆ?"

"ಇವ್ರಿಗೆ. ನೋಡಾಕ ಬಂದ ದಿವಸನ, ಮಾಳಿಗಿ ಮ್ಯಾಲ. ಹೇಳದ ನಾ ಲಗ್ನ ಆಗ್ತಿದ್ದಿಲ್ಲ. ಕೇಳ್ರಿ ಅಕ್ಕಾರ, ನಿಮ್ಮ ತಮ್ಮನ್ನ ಕೇಳ್ರಿ."

ಮೂರೂ ಮುಖಗಳು ಅವನ ಕಡೆ ತಿರುಗಿದವು. ಶಾಂತಕುಮಾರನಿಗೆ ಮೊದಲು ಸಿಟ್ಟು ಬಂತು, ಎದುರಿಗೇ ಇಂಥ ಸುಳ್ಳಾ ಎಂದು. ಮರುಕ್ಷಣ ಭಾಲ್ಕಿಯ ಮಾಳಿಗೆ ಕಣ್ಣೆದುರು ಬಂತು. ಪಕ್ಕದಲ್ಲಿ ಹಿಟ್ಟಿನ ಗಿರಣಿ, ಅದರ ಗಡಗಡ ಸದ್ದು, ಒಣಹಾಕಿದ್ದ ಹಪ್ಪಳ. ಏನು ಮಾತಾಡಬೇಕೆಂದು ತಿಳಿಯದೆ ಅವನು ತನ್ನ ಅಂಗಡಿಯ ಸುದ್ದಿ ತೆಗೆದಿದ್ದ. ಪ್ಯಾಂಟಿನ ಕೌಂಟರು ಪೂರ್ತಿ ತನ್ನದೇ, ಶೇಟ್‌ಗೆ ತನ್ನ ಮೇಲೆ ಭರವಸೆ ಎಂದೆಲ್ಲ. ಅವಳು ಸೆರಗಿನ ತುದಿ ಸುತ್ತುತ್ತ, ಗಿರಣಿಯ ಸದ್ದಿನ ಮೇಲೆ ದನಿ ಏರಿಸಿ, "ನಿಮಗ ಫಿಟ್ಸ್ ಬಗ್ಗಿ ಗೊತ್ತೈತೇನ್ರಿ?" ಎಂದು ಕೇಳಿದ್ದಳು. ಅವನು ಹಿಗ್ಗಿದ್ದ. ನೋಡಲು ಬಂದ ಹುಡುಗಿ ತನ್ನ ಕೆಲಸದ ಬಗ್ಗೆ ಕೇಳುತ್ತಿದ್ದಾಳೆ! "ಗೊತ್ತಿಲ್ದ ಏನ್ರಿ! ದಿನಾ ಅದ ಕೆಲಸ ನಂದು. ಎಲ್ಲಾ ನಮೂನಿ ಫಿಟ್ಸ್ ನೋಡೀನಿ. ಎಂಥಾದ್ದ ಇರ್ಲಿ, ಸಂಭಾಳಿಸ್ತೀನಿ. ಅದ್ರಾಗ ಹೆದರೂದೇನೈತಿ?" ಅವಳು ಮತ್ತೇನೋ ಅಂದಿದ್ದಳು, ಗಿರಣಿ ನುಂಗಿತ್ತು. ಅವಳ ಕಣ್ಣು ತುಂಬಿದ್ದವು. "ಹಂಗಾರ ನಿಮಗೇನೂ ಅಡ್ಡಿ ಇಲ್ಲಾ?" "ಅಡ್ಡಿ ಏನ್ರಿ!" ಅಂದಿದ್ದ ಅವನು, ಪ್ಯಾಂಟು ಮಾರುವವನೆಂದು ಹೇಳಿಕೊಳ್ಳಲು ಬೇರೆ ಕಡೆಯೆಲ್ಲ ಆಗಿದ್ದ ನಾಚಿಕೆ ಒಮ್ಮೆಗೇ ಕಳೆದು. ಕಣ್ಣು ತುಂಬಿದ್ದು ಗಿರಣಿಯ ಹಿಟ್ಟಿನ ಧೂಳಿಗೆ ಎಂದುಕೊಂಡಿದ್ದ. ಕೆಳಗಿಳಿದು ಬಂದು ಅಕ್ಕನ ಕಿವಿಯಲ್ಲಿ, 'ಹುಡುಗಿ ಭಾಳ ಚಲೋ ಅದಾಳ' ಅಂದದ್ದು ಅದಕ್ಕೇ.

"ಯಾಕೋ, ಹೇಳೋ" ಎಂದಳು ಪಾರ್ವತೆಮ್ಮ. "ಹೇಳಿದ್ಲಾ ನಿನಗ?"

ಹರ್ಷದಾ ಅವನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಅಂಜಿಕೆ ಇರಲಿಲ್ಲ. ಮೊದಲೇ ಗೊತ್ತಿರುವ ಉತ್ತರಕ್ಕೆ ಕಾಯುವವರ ಹಾಗೆ ನಿಂತಿದ್ದಳು. ಮೂರು ತಿಂಗಳ ಅವಳ ನಿರಾಳದ ಬೇರು ಇಲ್ಲಿತ್ತು. ಎಲ್ಲಿಯೂ ಇರದ ಒಬ್ಬ ದೊಡ್ಡ ಮನಸ್ಸಿನ ಗಂಡನನ್ನು ನಂಬಿ ಅವಳು ಅವನ ಜೊತೆ ಈ ಎರಡು ಕೋಣೆಗೆ ಬಂದಿದ್ದಳು.

"ಹೇಳ್ಯಾಳಕ್ಕಾ" ಎಂದ. "ನಂಗ ಹೇಳ್ಯಾಳ."

ಶಿವಶರಣಪ್ಪ ಮಗಳ ಕಡೆ ನೋಡಿದರು, ಅಳಿಯನ ಕಡೆ ನೋಡಿದರು, ಟೋಪಿಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಅಕ್ಕ ಕುರ್ಚಿಯಿಂದ ಎದ್ದಳು. "ಗೊತ್ತಿತ್ತಾ ನಿನಗ? ಹಂಗಾರ ಐತವಾರ ರಾತ್ರಿ ಫೋನ್‌ನ್ಯಾಗ ಯಾಕ ಹಂಗ ಅತ್ತಿ? 'ನಂಗೇನೂ ಗೊತ್ತಿದ್ದಿಲ್ಲಕ್ಕಾ' ಅಂದಾಂವ ಯಾರು? ನಾ ಏನ್ ಹುಚ್ಚಿ ಏನೋ?" ಅಕ್ಕ ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ಒಂದು ಗಳಿಗೆ ನಿಂತು, "ನಿನ್ನ ಸಲುವಾಗಿ ಬಂದಿದ್ದೆ ತಮ್ಮಾ" ಎಂದಳು. ಆ ದನಿಯಲ್ಲಿ ಸಿಟ್ಟಿಗಿಂತ ನೋವು ಇತ್ತು. ಅವಳು ಹೋದ ಮೇಲೆ ಅವನು ಹೆಂಡತಿಯನ್ನು ನೋಡಿದ. ಹರ್ಷದಾ ತಣ್ಣಗಾದ ಲೋಟಗಳನ್ನು ಒಂದೊಂದಾಗಿ ಎತ್ತುತ್ತಿದ್ದಳು. ಅವಳ ಮುಖದಿಂದ ಆ ನಿರಾಳ ಹೋಗಿಬಿಟ್ಟಿತ್ತು.

ಶಿವಶರಣಪ್ಪನವರಿಗೆ ಮಲಗಿಕೊಳ್ಳಲು ಹೇಳಿ ಇಬ್ಬರೂ ದವಾಖಾನೆಗೆ ನಡೆದರು. ಅಲ್ಲಿ ಗೋಡೆಗುಂಟ ಹಾಕಿದ ಬೆಂಚಿನ ಮೇಲೆ ಕೂತ ಮೇಲೆ ಅವಳು ಎದುರಿನ ಗೋಡೆ ನೋಡುತ್ತ ಕೇಳಿದಳು:

"ನಿಮಗ ಗೊತ್ತಿದ್ದಿಲ್ಲ. ಹೌದಲ್ರಿ?"

"ಹೂಂ."

"ಮತ್ತ ಮಾಳಿಗಿ ಮ್ಯಾಲ? ದಿನಾ ನೋಡ್ತೀನಿ ಅಂದ್ರಿ. ಎಲ್ಲಾ ನಮೂನಿ ನೋಡೀನಿ ಅಂದ್ರಿ. ನಿಮ್ಮ ಅಂಗಡ್ಯಾಗ ಯಾರಿಗೋ ಬರ್ತಾವ ಅಂತ ತಿಳ್ಕೊಂಡಿದ್ದೆ ನಾ. ಪಾಪ, ಅವ್ರನ್ನ ಇವ್ರ ನೋಡ್ಕೋತಾರ ಅಂತ."

ಶಾಂತಕುಮಾರ ತನ್ನ ಅಂಗೈ ನೋಡಿಕೊಂಡ. "ಪ್ಯಾಂಟು" ಎಂದ.

"ಏನ್ರಿ?"

"ಸ್ಲಿಮ್ ಫಿಟ್, ರೆಗ್ಯುಲರ್ ಫಿಟ್. ನೀ ಪ್ಯಾಂಟಿನ ಬಗ್ಗಿ ಕೇಳಾಕತ್ತಿ ಅಂತ ತಿಳ್ಕೊಂಡೆ."

ಅವಳು ಅವನ ಕಡೆ ತಿರುಗಿದಳು. ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ. ಅರ್ಥವಾದಾಗ ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಊದಿದ ತುಟಿಯ ಮೇಲೆ ಸೆರಗು ಒತ್ತಿಕೊಂಡು ನಗತೊಡಗಿದಳು. ತಡೆದಷ್ಟೂ ಹೆಚ್ಚಾಯಿತು. ಎದುರು ಕೂತಿದ್ದವರು ನೋಡಿದರು. "ಪ್ಯಾಂಟ್ರೀ?" ಅನ್ನುವಳು, ಮತ್ತೆ ಬಗ್ಗಿ ನಗುವಳು. "ನಾ ವಾರಗಟ್ಲೆ ನಿದ್ದಿಗೆಟ್ಟು, ಹೆಂಗ್ ಹೇಳ್ಲಿ, ಯಾವ ಮಾತಿಲೆ ಹೇಳ್ಲಿ ಅಂತ... ಮಿರ್ಗಿ ಅಂದ್ರ ಹೆದರ್ತಾರ, ಇಂಗ್ಲಿಷ್‌ನ್ಯಾಗ ಹೇಳೂಣು ಅಂತ..." ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಇಳಿಯಿತು. ಅವನಿಗೂ ನಗು ಬಂತು. ಮಧ್ಯಾಹ್ನದಿಂದ ಕೆನ್ನೆಗೆ ಅಂಟಿದ್ದ ನಗುವಲ್ಲ ಇದು. ಆದರೆ ಅವನದು ಶುರುವಾಗುವಷ್ಟರಲ್ಲಿ ಅವಳದು ನಿಂತಿತು.

"ಹಂಗಾರ ನೀವ್ ಅಡ್ಡಿ ಇಲ್ಲ ಅಂದಿದ್ದು ಪ್ಯಾಂಟಿಗೆ" ಎಂದಳು ಮೆಲ್ಲಗೆ. "ನನಗಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅಪ್ಪ ಬಂದಾರ. ರಾತ್ರಿ ಬಸ್ಸಿಗೆ ಅವರ ಕೂಡ ಹೋಗಾಕ ಬರ್ತೈತಿ. ನೀವ್ ಈಗ ಹೋಗು ಅಂದ್ರೂ ನಾ ಏನೂ ಅನ್ನೂದಿಲ್ಲ. ತಿಳಿಲಾರದ ಹೂಂ ಅಂದವ್ರನ್ನ ಹಿಡಿದಿಟ್ಕೊಳ್ಳೂದು ನ್ಯಾಯ ಅಲ್ಲ."

ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕರೆದರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಹರ್ಷದಾಳಿಗೆ ಹಿಂದಿಯಲ್ಲಿ ಒಂದಿಷ್ಟು ಕೇಳಿ, "ಬಂದಾಗ ಹೇಗೆ ಶುರುವಾಗುತ್ತದೆ?" ಎಂದರು. ಹರ್ಷದಾ ತಲೆ ಅಲ್ಲಾಡಿಸಿದಳು. ಗೊತ್ತಿಲ್ಲ. ಇಷ್ಟು ವರ್ಷವಾಯಿತು, ತನಗೆ ಏನಾಗುತ್ತದೆಂದು ಅವಳು ನೋಡಿಲ್ಲ, ಮನೆಯಲ್ಲಿ ಯಾರೂ ಹೇಳಿಲ್ಲ. ಕೇಳಿದರೆ ಅವ್ವ ಅಳುತ್ತಾಳೆ. "ನೀವು ನೋಡಿದಿರಾ?" ಎಂದು ಡಾಕ್ಟರು ಅವನ ಕಡೆ ತಿರುಗಿದರು. ಅವನು ನೋಡಿದ್ದ. ಓಡಿಹೋಗಿ ಹಿಡಿದುಕೊಂಡಿದ್ದರೆ ಏನೂ ಕಾಣುತ್ತಿರಲಿಲ್ಲ. ದೂರ ನಿಂತಿದ್ದಕ್ಕೆ ಎಲ್ಲ ಕಂಡಿತ್ತು. ಹೇಳತೊಡಗಿದ. ಮುಖ ಮೊದಲು ಎಡಕ್ಕೆ ತಿರುಗಿತು. ಆಮೇಲೆ ಎಡಗೈ ಎದ್ದಿತು. ಬಿದ್ದ ಮೇಲೆ ಎರಡೂ ಕಡೆ ಜಗ್ಗಿತು, ಆದರೆ ಎಡಗಡೆ ಹೆಚ್ಚು. ನಿಂತ ಮೇಲೆ ಗೊರಕೆಯಂಥ ಉಸಿರು. ಹೇಳುತ್ತಿದ್ದಂತೆ ಪಕ್ಕದಲ್ಲಿ ಹರ್ಷದಾ ಅಲುಗಾಡದೆ ಕೇಳುತ್ತಿರುವುದು ಅವನ ಚರ್ಮಕ್ಕೆ ತಿಳಿಯುತ್ತಿತ್ತು. "ಚೆನ್ನಾಗಿ ನೋಡಿದ್ದೀರಿ" ಎಂದರು ಡಾಕ್ಟರು. "ಗಾಬರಿಯಲ್ಲಿ ಮನೆಯವರು ಕಣ್ಣು ಮುಚ್ಚಿಕೊಂಡುಬಿಡುತ್ತಾರೆ. ಎಲ್ಲಿಂದ ಶುರುವಾಗುತ್ತದೆ ಅನ್ನುವುದು ನಮಗೆ ಬೇಕಾದ್ದು." ಆ ಹೊಗಳಿಕೆ ಅವನನ್ನು ಸುಟ್ಟಿತು. ಗುಳಿಗೆ ತಪ್ಪಿಸಬಾರದು, ಒಂದು ಸ್ಕ್ಯಾನ್ ಆಗಬೇಕು. ಓದಲಿ, ಕೆಲಸ ಮಾಡಲಿ, ಮಕ್ಕಳನ್ನೂ ಹೆರಬಹುದು, ಆದರೆ ಮುಂಚೆ ನನ್ನನ್ನು ಕೇಳಬೇಕು ಎಂದರು. ಮತ್ತೆ ಬಂದರೆ ಎಡ ಮಗ್ಗುಲಿಗೆ ಹೊರಳಿಸುವುದು ಹೇಗೆ ಎಂದು ಕೈಯಲ್ಲೇ ತೋರಿಸಿದರು. ಬಾಯಿಗೆ ಏನೂ ತುರುಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಜೊತೆಗಿದ್ದರೆ ಸಾಕು.

ಹೊರಗೆ ಬಂದಾಗ ಬೀದಿ ದೀಪ ಹತ್ತುತ್ತಿದ್ದವು. ಸ್ವಲ್ಪ ದೂರ ನಡೆದ ಮೇಲೆ ಹರ್ಷದಾ, "ಹಂಗಿರ್ತೈತಾ ನನಗ?" ಎಂದಳು. ಆ ದನಿಯಲ್ಲಿ ಯಾರೋ ಪರಿಚಯದವರ ಸುದ್ದಿ ಕೇಳಿದ ಕುತೂಹಲವಿತ್ತು. "ಮುಖ ಎಡಕ್ಕ ತಿರಗ್ತೈತಾ?"

"ಹೂಂ. ಯಾರೋ ಕರದಂಗ."

"ಅಷ್ಟೆಲ್ಲಾ ಕಂಡೈತಿ. ನೀವ್ ಎಲ್ಲಿ ನಿಂತಿದ್ರಿ?"

ಈಗ ಒಂದು ಸುಳ್ಳು ಸಾಕಾಗಿತ್ತು. ಬೆಲ್ಟಿನ ಅಂಗಡಿಯ ಹತ್ತಿರ ಅಂದರೂ ಅರ್ಧ ಸತ್ಯವೇ. ಆದರೆ ತಿಳಿಯದೆ ಆಡಿದ ಒಂದು ಮಾತಿನ ಮೇಲೆ ಇವಳು ಮೂರು ತಿಂಗಳು ಬದುಕಿದ್ದಳು. ಇನ್ನೊಂದರ ಮೇಲೆ ಇವಳನ್ನು ನಿಲ್ಲಿಸಲು ಅವನಿಗೆ ಆಗಲಿಲ್ಲ. "ಮಂದ್ಯಾಗ" ಎಂದ. "ಮಂದಿ ಹಿಂದ ನಿಂತಿದ್ದೆ. ಒಬ್ರು ಗಿರಾಕಿ ಬಂದು, ಯಾರು, ನಿನ್ನ ಗುರ್ತಿನಾಕಿ ಏನು ಅಂತ ಕೇಳಿದ್ರು. ಅಲ್ಲ ಅಂದೆ. ಯಾರೋ ಅಂದೆ. ಅವ್ರು ಹೋದ ಮ್ಯಾಲ ನಿನ್ನ ಹತ್ರ ಬಂದೆ."

ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. ಹೆಜ್ಜೆ ಬಿರುಸಾದವು. ಅವನು ಹಿಂದೆ ಉಳಿದ. ಹೊಸ ಚಪ್ಪಲಿ ಕಚ್ಚಿ ಅವಳು ಸ್ವಲ್ಪ ಕುಂಟುತ್ತಿದ್ದಳು. ಕೂಗಿ ನಿಲ್ಲಿಸುವ ಹಕ್ಕು ತನಗಿದೆಯೆಂದು ಅವನಿಗೆ ಅನಿಸಲಿಲ್ಲ. ಅವಳ ಬೆನ್ನು ಕಣ್ಣಿಗೆ ತಪ್ಪದಷ್ಟು ದೂರದಲ್ಲಿ ನಡೆದ. ದೊಡ್ಡ ರಸ್ತೆಯ ಹತ್ತಿರ ಅವಳು ನಿಂತಳು. ಬಸ್ಸು, ಆಟೋ ಒಂದರ ಹಿಂದೊಂದು ಬರುತ್ತಿದ್ದವು. ಅವನು ಹತ್ತಿರ ಬಂದು ಪಕ್ಕದಲ್ಲಿ ನಿಂತ ಮೇಲೆ, ಮುಖ ತಿರುಗಿಸದೆ, "ಸಿಟ್ಟ್ ಬಂದೈತಿ ನಂಗ" ಎಂದಳು. "ಭಾಳ ಬಂದೈತಿ. ಇಳಿಯಾಕ ಎಷ್ಟ್ ದಿನ ಬೇಕೋ ಗೊತ್ತಿಲ್ಲ."

"ಇರ್ಲಿ" ಎಂದ. ಆಮೇಲೆ, ಬೆಂಚಿನ ಮೇಲೆ ಹೇಳಲಾಗದೆ ಉಳಿದದ್ದನ್ನು ಹೇಳಿದ. "ಈಗ ತಿಳದೈತಿ ನಂಗ. ಈಗ ಕೇಳು. ಈಗ ಕೇಳಿದ್ರೂ ಅಡ್ಡಿ ಇಲ್ಲಂತೀನಿ. ನೀ ಹೋಗಬ್ಯಾಡ."

ಒಂದು ಬಸ್ಸು ಇಬ್ಬರ ಮುಖಕ್ಕೂ ಬಿಸಿ ಗಾಳಿ ಊದಿ ಹೋಯಿತು. "ರಸ್ತಾ ದಾಟಿಸ್ರಿ" ಎಂದು ಕೈ ಚಾಚಿದಳು. ದಾಟಿದ ಮೇಲೆ ಕೈ ಬಿಡಿಸಿಕೊಳ್ಳಲಿಲ್ಲ.

ಮನೆಯಲ್ಲಿ ಶಿವಶರಣಪ್ಪ ಮುಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದರು. ಒಳಕೋಣೆಯಲ್ಲಿ ಹರ್ಷದಾ ಚಾಪೆ ಹಾಸಿ, ಬಳೆ ಹಿಂದಕ್ಕೆ ಸರಿಸಿಕೊಂಡು ಅಂಗಾತ ಮಲಗಿದಳು. "ಮಾಡ್ರಿ" ಎಂದಳು.

"ಏನು?"

"ಡಾಕ್ಟರ್ ಹೇಳಿದ್ದು. ಅವ್ರು ಕೈಲೆ ತೋರಿಸಿದ್ದಷ್ಟ ನೀವ್ ನೋಡೀರಿ. ಮುಂದ ಬಂದ್ರ ಆವಾಗ ಕಲಿಯಾಕ ಆಗ್ತೈತೇನು?"

ಅವನು ಮಂಡಿಯೂರಿದ. ಬಲ ಮೊಣಕಾಲು ಮಡಚಿದ, ಬಲಗೈ ತಂದು ಕೆನ್ನೆಗೆ ಒತ್ತಿದ, ಭುಜ ಹಿಡಿದು ಎಳೆದ. ಅರ್ಧಕ್ಕೇ ಅವಳು ವಾಪಸು ಬಿದ್ದಳು. "ಹಂಗ ಹೆದರಿ ಹೆದರಿ ಹಿಡಿದ್ರ ಹೊರಳೂದಿಲ್ಲ. ಟೊಂಕಕ್ಕ ಕೈ ಹಾಕ್ರಿ." ಮತ್ತೊಮ್ಮೆ ಮಾಡಿದ. ಈ ಸಲ ಅವಳ ಮೈ ಪೂರ್ತಿ ಅವನ ಕಡೆಗೆ ಹೊರಳಿ ಬಂತು, ಬಿಸಿಯಾಗಿ, ಭಾರವಾಗಿ. "ಇನ್ನೊಮ್ಮೆ" ಎಂದಳು. ಗೋಣು ಸರಿಮಾಡಿ, ಉಸಿರು ಸಲೀಸಾಗಿ ಬರುವ ಹಾಗೆ ಗದ್ದ ಎತ್ತಿ, ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತ. ಮೂರು ತಿಂಗಳಲ್ಲಿ ಅವಳನ್ನು ಇಷ್ಟು ಹೊತ್ತು, ಇಷ್ಟು ಗಮನ ಇಟ್ಟು ಮುಟ್ಟಿರಲಿಲ್ಲ ಎಂದು ಹೊಳೆಯಿತು.

ಬಾಗಿಲು ದಡಾರನೆ ತೆರೆಯಿತು. ಶಿವಶರಣಪ್ಪ. ಚಾಪೆಯ ಮೇಲೆ ಮಗಳು, ಮೇಲೆ ಬಗ್ಗಿದ ಅಳಿಯ. "ಬಂತಾ? ಬಂತಾ ನಮ್ಮವ್ವಗ?" ಅನ್ನುತ್ತ ಅಂಗಿಯ ಕಿಸೆಯಿಂದ ಬೀಗದ ಕೈಗಳ ಗೊಂಚಲು ಎಳೆದು, ಅವಳ ಮುಷ್ಟಿಗೆ ತುರುಕಲು ನೆಲಕ್ಕೆ ಕುಸಿದರು. ಊರಿನ ಮನೆಯದು, ಗೋದಾಮಿನದು, ಎಲ್ಲ ಕಬ್ಬಿಣದ ಕೈಗಳು; ಬಸ್ಸು ಹತ್ತುವಾಗಲೂ ಜೊತೆಗೇ ತಂದಿದ್ದರು.

"ಅಪ್ಪಾ, ಏನಾಗಿಲ್ಲಪ್ಪಾ" ಎಂದು ಹರ್ಷದಾ ತಲೆ ಎತ್ತಿದಳು. "ಇವ್ರು ಕಲಿಯಾಕತ್ತಾರ. ಬಂದ್ರ ಹೆಂಗ್ ಹೊರಳಿಸೂದಂತ."

ಶಿವಶರಣಪ್ಪ ಉಸಿರು ತೆಗೆದುಕೊಂಡರು. ಕೈಗಳ ಗೊಂಚಲು ಇನ್ನೂ ಮುಷ್ಟಿಯಲ್ಲಿತ್ತು. "ಕಬ್ಬಿಣ ಬ್ಯಾಡಂತೇನು?"

"ಬ್ಯಾಡಂತಪ್ಪಾ."

"ಉಳ್ಳಾಗಡ್ಡಿ ವಾಸನಿ?"

"ಅದೂ ಬ್ಯಾಡಂತ."

"ನಾ ಒತ್ತಿ ಹಿಡಿತಿದ್ದೆ" ಎಂದರು ಮುದುಕರು. "ಎರಡೂ ಕೈ ಒತ್ತಿ ಹಿಡಿತಿದ್ದೆ. ಎಲ್ಲಿ ಹಾರಿ ಹೋಗ್ತಾಳೋ ಅಂತ." ಗೊಂಚಲನ್ನು ನೆಲದ ಮೇಲಿಟ್ಟರು. ಆಮೇಲೆ ಶಾಂತಕುಮಾರನ ಕಡೆ ನೋಡಿ, ಅಂಗಡಿಯಲ್ಲಿ ಬೆಲೆ ಕೇಳಲು ನಾಚುವವರ ದನಿಯಲ್ಲಿ, "ನಂಗೂ ತೋರಸ್ತೀರೇನ್ರಿ ಅಳಿಯಂದ್ರ?" ಎಂದರು.

ಶಾಂತಕುಮಾರ ಸರಿದು ಜಾಗ ಬಿಟ್ಟ. ಅವರ ಒರಟು ಕೈ ಹಿಡಿದು ಮಗಳ ಭುಜದ ಮೇಲಿಟ್ಟ, ಇನ್ನೊಂದನ್ನು ಟೊಂಕದ ಮೇಲೆ. "ಹಿಂಗ್ರಿ ಮಾಮಾ. ಒತ್ತಬ್ಯಾಡ್ರಿ. ನಿಮ್ಮ ಕಡೆ ಬರ್ಲಿ." ಹರ್ಷದಾ ಮತ್ತೆ ಅಂಗಾತ ಹೊರಳಿ, ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ಅಪ್ಪ ಹೊರಳಿಸಲೆಂದು ಕಾಯುತ್ತ ಮಲಗಿದಳು.